ದಿವಾನಗಿರಿಯ ಮೆಟ್ಟಿಲುಗಳು

ಮೈಸೂರಿನ ದಿವಾನರನ್ನು ಕುರಿತು ನಮ್ಮಲ್ಲಿ ಪುಸ್ತಕಗಳಿಗೆ ಕೊರತೆಯಿಲ್ಲ. ಡಿ.ವಿ.ಜಿ.ಯವರು ರಂಗಾಚಾರ್ಲು ಅವರ ಚರಿತ್ರೆಯನ್ನು ಬರೆದರು. ಮುಂದೆ 'ಜ್ಞಾಪಕ ಚಿತ್ರಶಾಲೆ'ಯ ಒಂದು ಸಂಪುಟವನ್ನೇ ದಿವಾನರಿಗೆ ಮೀಸಲಿಟ್ಟರು. ವಿಶ್ವೇಶ್ವರಯ್ಯನವರೂ ಮಿರ್ಜಾ ಇಸ್ಮಾಯಿಲರೂ ತಮ್ಮ ಬಾಳಿನ ಕಥೆಯನ್ನು ತಾವೇ ಇಂಗ್ಲಿಷಿನಲ್ಲಿ ಬರೆದಿಟ್ಟಿದ್ದಾರೆ. ಇವನ್ನೆಲ್ಲ ಓದಿದವರಿಗೆ ಒಬ್ಬೊಬ್ಬ ದಿವಾನರ ಗುಣಸ್ವಭಾವ, ಅವರು ಕೈಗೊಂಡ ಕಾರ್ಯಗಳು, ಅವರ ಹಠ, ಅವರ ಔದಾರ್ಯ ಎಲ್ಲವೂ ಪರಿಚಿತವೇ. ಆದರೆ ಒಂದು ಪ್ರಶ್ನೆಗೆ ಈ ಪುಸ್ತಕಗಳಲ್ಲಿ ಯಾವುದೂ ಒಂಟಿಯಾಗಿ ಉತ್ತರ ಹೇಳಲಾರದು. ಆ ಪದವಿಗೆ ಏರಿದವರು ಯಾವ ಮೆಟ್ಟಿಲುಗಳನ್ನು ಹತ್ತಿ ಏರಿದರು? ಅದೇ ಮೆಟ್ಟಿಲುಗಳ ಮೇಲೆ ನಿಂತಿದ್ದ ಉಳಿದವರು ಏಕೆ ಏರಲಿಲ್ಲ?

ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ. ರಾಜ್ಯವಾಳುವವನಿಗೆ ಆಲೋಚನೆ ಹೇಳುವವನನ್ನು ಪ್ರಜೆಗಳು ಆರಿಸುವುದಿಲ್ಲ. ಅಂದೂ ಇಲ್ಲ, ಇಂದೂ ಇಲ್ಲ. ಆರಿಸದವನ ಮಾತು ತಮ್ಮ ಬದುಕನ್ನು ಆಳುವಾಗ ಆತ ಎಲ್ಲಿಂದ ಬಂದವನು, ಯಾರ ಕೈಹಿಡಿದು ಬಂದವನು ಎಂದು ಜನ ಕೇಳುವುದು ಸಹಜವೇ. ಹಳೆಯ ಮೈಸೂರಿನಲ್ಲಿ ಈ ಪ್ರಶ್ನೆ ದೊಡ್ಡ ಜಗಳವನ್ನೇ ಎಬ್ಬಿಸಿತ್ತು. ಮದರಾಸಿನವರು ಬಂದು ನಮ್ಮ ಹುದ್ದೆಗಳನ್ನೆಲ್ಲ ತುಂಬಿಕೊಂಡರೆಂದು ಒಂದು ಪಕ್ಷ. ಯೋಗ್ಯತೆಯಿದ್ದವರಿಗೆ ಹುದ್ದೆ ದೊರೆಯಿತು, ಅದರಲ್ಲಿ ತಪ್ಪೇನೆಂದು ಇನ್ನೊಂದು ಪಕ್ಷ. ಎರಡು ಪಕ್ಷಗಳೂ ತಮಗೆ ಅನುಕೂಲವಾದ ನಾಲ್ಕು ಹೆಸರುಗಳನ್ನು ಎತ್ತಿ ಆಡಿದವೇ ಹೊರತು, ಎಲ್ಲ ಹೆಸರುಗಳನ್ನೂ ಒಟ್ಟಿಗೆ ಇಟ್ಟು ನೋಡಲಿಲ್ಲ. ಹಾಗೆ ಒಟ್ಟಿಗೆ ಇಟ್ಟು ನೋಡುವ ಬಗೆಯೇ ಈ ಭಾಷಣದ ವಿಷಯ.

ಮೊದಲು ಆಧಾರಗಳ ಮಾತು. ಮಂತ್ರಿಗಳ ಬಾಳನ್ನು ತಿಳಿಯಲು ನಮಗಿರುವ ಅತ್ಯಂತ ಹಳೆಯ ಸಾಮಗ್ರಿಯೆಂದರೆ ಶಾಸನ. ಶ್ರವಣಬೆಳ್ಗೊಳದ ಭಂಡಾರಿ ಬಸದಿಯನ್ನು ೧೧೫೯ರಲ್ಲಿ ಕಟ್ಟಿಸಿದ ಹುಳ್ಳ ಹೊಯ್ಸಳರ ಮೂವರು ಅರಸರ ಬಳಿ, ಎಂದರೆ ವಿಷ್ಣುವರ್ಧನ, ಮೊದಲನೆಯ ನರಸಿಂಹ, ಇಮ್ಮಡಿ ಬಲ್ಲಾಳ ಇವರ ಬಳಿ, ಸೇವೆ ಸಲ್ಲಿಸಿದವನು. ದೊರೆಗಳು ಬದಲಾದರೂ ಬದಲಾಗದ ಮಂತ್ರಿ. ಅವನ ಬಿರುದುಗಳು ನಮಗೆ ತಿಳಿದಿವೆ, ದಾನಗಳು ತಿಳಿದಿವೆ. ಆದರೆ ಹಿರಿಯ ಭಂಡಾರಿಯಾಗುವುದಕ್ಕೆ ಮುಂಚೆ ಅವನು ಏನಾಗಿದ್ದ, ಯಾವ ಕಿರಿಯ ಹುದ್ದೆಯಲ್ಲಿ ಎಷ್ಟು ವರ್ಷ ಸವೆದ ಎಂಬುದನ್ನು ಆ ಕಲ್ಲುಗಳು ಹೇಳುವುದಿಲ್ಲ. ಹೇಳಬೇಕಾದ ಕಾರಣವೂ ಅವಕ್ಕಿಲ್ಲ. ಶಾಸನವನ್ನು ಬರೆಸುವುದು ಮನುಷ್ಯ ದಾನ ಕೊಡಬಲ್ಲವನಾದ ಮೇಲೆ; ಅಂದರೆ ಮೆಟ್ಟಿಲು ಹತ್ತಿ ಮುಗಿದ ಮೇಲೆ. ಬಿರುದುಗಳನ್ನು ಅಲ್ಲಿ ಹೊಗಳಿಕೆಗಾಗಿ ಜೋಡಿಸಿರುತ್ತಾರಲ್ಲದೆ, ಅವನು ಅವನ್ನು ಪಡೆದ ಕ್ರಮದಲ್ಲಿ ಅಲ್ಲ.

ಆತ್ಮಕಥೆಗಳೂ ಈ ವಿಷಯದಲ್ಲಿ ಶಾಸನಗಳ ವಂಶಕ್ಕೆ ಸೇರಿದವು ಎಂದರೆ ಅತಿಶಯವಾಗದು. ತುದಿಯಲ್ಲಿ ನಿಂತು ಹಿಂದಕ್ಕೆ ನೋಡುವವನಿಗೆ ತಾನು ಬಂದ ದಾರಿ ನೇರವಾಗಿಯೇ ಕಾಣುತ್ತದೆ. ನಡುವೆ ಕೈತಪ್ಪಿದ ಹುದ್ದೆ, ಯಾರೋ ಹೇಳಿಕಳಿಸಿದ ಶಿಫಾರಸು, ಯಾರದೋ ಸಾವಿನಿಂದ ತೆರವಾದ ಜಾಗ, ಇವೆಲ್ಲ ಹಿನ್ನೆಲೆಗೆ ಸರಿಯುತ್ತವೆ. ಆದ್ದರಿಂದ ಈ ಕೆಲಸಕ್ಕೆ ಕೈಹಾಕುವವರು ಮೊದಲು ಸರ್ಕಾರಿ ಗೆಜೆಟ್ಟಿನ ನೇಮಕದ ಪ್ರಕಟಣೆ, ನೌಕರರ ಪಟ್ಟಿ, ಆಡಳಿತ ವರದಿ ಇವುಗಳಿಂದ ಕಾಲಕ್ರಮವನ್ನು ನಿರ್ಧರಿಸಿಕೊಂಡು, ಬಳಿಕ ಆತ್ಮಕಥೆಗೆ ಬರಬೇಕು. ಅಲ್ಲಿಯೂ ತೊಡಕುಗಳಿಲ್ಲದೆ ಇಲ್ಲ. ವಿಶ್ವೇಶ್ವರಯ್ಯನವರಂಥ ಪ್ರಸಿದ್ಧರ ಹುಟ್ಟಿದ ವರ್ಷವೇ ಕೆಲವು ಗ್ರಂಥಗಳಲ್ಲಿ ೧೮೬೦ ಎಂದೂ ಕೆಲವು ಗ್ರಂಥಗಳಲ್ಲಿ ೧೮೬೧ ಎಂದೂ ಇದೆ. ಹೀಗಿರುವಾಗ ಹೆಸರು ಮಾಡದೆ ಹೋದ ಒಬ್ಬ ಶಿರಸ್ತೇದಾರರ ವಿಷಯದಲ್ಲಿ ಎಷ್ಟು ಎಚ್ಚರ ಬೇಕೆಂದು ಊಹಿಸಬಹುದು.

ಎರಡನೆಯದು, ಸಲಹೆಗಾರನೆಂದರೆ ಯಾರು ಎಂಬ ನಿಶ್ಚಯ. ದಿವಾನನು ಸಲಹೆಗಾರನೂ ಹೌದು, ಆಡಳಿತದ ಮುಖ್ಯಸ್ಥನೂ ಹೌದು. ಆದರೆ ದೊರೆಯ ಖಾಸಗಿ ಕಾರ್ಯದರ್ಶಿಯೂ ಒಂದು ಅರ್ಥದಲ್ಲಿ ಸಲಹೆಗಾರನೇ. ದಿವಾನರ ಕಾಗದ ದೊರೆಗೆ ಮುಟ್ಟುವುದು ಅವನ ಮೇಜಿನ ಮೂಲಕವೇ ಅಲ್ಲವೆ? ಹುದ್ದೆಯ ಹೆಸರನ್ನು ಹಿಡಿದು ಹೊರಟರೆ ಪಟ್ಟಿ ಖಚಿತವಾಗುತ್ತದೆ, ಆದರೆ ಪ್ರಭಾವಶಾಲಿಗಳಾದ ಕೆಲವರು ಬಿಟ್ಟುಹೋಗುತ್ತಾರೆ. ಪ್ರಭಾವವನ್ನು ಹಿಡಿದು ಹೊರಟರೆ ಯಾರೂ ಬಿಟ್ಟುಹೋಗುವುದಿಲ್ಲ, ಆದರೆ ಪಟ್ಟಿಗೆ ಕೊನೆಯೆಂಬುದೇ ಇರುವುದಿಲ್ಲ. ಮೊದಲು ಹುದ್ದೆಯನ್ನು ಹಿಡಿದು ಪಟ್ಟಿ ಮಾಡಿ, ಅದರಿಂದ ಹೊರಗುಳಿದವರು ಇಂಥವರೆಂದು ಬಾಯಿಬಿಟ್ಟು ಹೇಳಿಬಿಡುವುದು ಲೇಸೆಂದು ನನ್ನ ಮತ.

೧೮೮೧ರಲ್ಲಿ ರಾಜ್ಯವು ಒಡೆಯರ ಮನೆತನಕ್ಕೆ ಮರಳಿ ಬಂದಂದಿನಿಂದ ೧೯೪೯ರವರೆಗೆ, ಹಂಗಾಮಿಯಾಗಿ ಕೆಲಸ ನೋಡಿಕೊಂಡವರನ್ನು ಬಿಟ್ಟರೆ, ಮೈಸೂರಿಗೆ ಹನ್ನೊಂದು ಮಂದಿ ದಿವಾನರು: ರಂಗಾಚಾರ್ಲು, ಶೇಷಾದ್ರಿ ಅಯ್ಯರ್, ಪಿ. ಎನ್. ಕೃಷ್ಣಮೂರ್ತಿ, ವಿ. ಪಿ. ಮಾಧವರಾವ್, ಟಿ. ಆನಂದರಾವ್, ವಿಶ್ವೇಶ್ವರಯ್ಯ, ಕಾಂತರಾಜ ಅರಸು, ಆಲ್ಬಿಯನ್ ಬ್ಯಾನರ್ಜಿ, ಮಿರ್ಜಾ ಇಸ್ಮಾಯಿಲ್, ಎನ್. ಮಾಧವರಾವ್, ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್. ಇವರನ್ನು ಒಬ್ಬೊಬ್ಬರನ್ನಾಗಿ ಅಲ್ಲ, ಒಂದು ಗುಂಪಾಗಿ ನೋಡಬೇಕು. ಎಲ್ಲರಿಗೂ ಒಂದೇ ಪ್ರಶ್ನೆಗಳನ್ನು ಹಾಕಬೇಕು: ಹುಟ್ಟಿದ್ದೆಲ್ಲಿ, ಓದಿದ್ದೆಲ್ಲಿ, ಮೊದಲ ಚಾಕರಿ ಯಾವುದು, ನಂಟರು ಯಾರು, ಪದವಿ ಬಿಟ್ಟ ಮೇಲೆ ಹೋದದ್ದೆಲ್ಲಿಗೆ. ಲೂಯಿಸ್ ನೇಮಿಯರ್ ೧೯೨೯ರಲ್ಲಿ ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ಪಾರ್ಲಿಮೆಂಟಿನವರನ್ನೂ, ರೊನಾಲ್ಡ್ ಸೈಮ್ ೧೯೩೯ರಲ್ಲಿ ರೋಮಿನ ಅಗಸ್ಟಸನ ಕಾಲದ ಮುಖಂಡರನ್ನೂ ಹೀಗೆಯೇ ಪರೀಕ್ಷಿಸಿದರು. ಇದನ್ನು ಕನ್ನಡದಲ್ಲಿ ಸಮೂಹ ಜೀವನಚರಿತ್ರೆ ಎನ್ನಬಹುದು.

ಈ ಬಗೆಯ ಪಟ್ಟಿಯನ್ನು ಬರೆದು ಮುಂದಿಟ್ಟುಕೊಂಡ ಕೂಡಲೇ ಹಳೆಯ ಜಗಳದ ಒಂದು ಗಂಟು ಸಡಿಲುತ್ತದೆ. ಮದರಾಸಿನವರು, ಮೈಸೂರಿನವರು ಎಂದು ನಾವು ಹೇಳುವಾಗ ಎರಡು ಬೇರೆ ಸಂಗತಿಗಳನ್ನು ಒಂದೇ ಮಾತಿನಲ್ಲಿ ಬೆರೆಸುತ್ತೇವೆ. ಹುಟ್ಟಿದ ನಾಡು ಒಂದು, ಪಳಗಿದ ನಾಡು ಒಂದು. ವಿಶ್ವೇಶ್ವರಯ್ಯನವರು ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಅಪ್ಪಟ ಮೈಸೂರಿನವರು. ಆದರೆ ೧೮೮೪ರಿಂದ ೧೯೦೮ರವರೆಗೆ ಅವರು ಕೆಲಸ ಮಾಡಿದ್ದು ಮುಂಬಯಿ ಸರ್ಕಾರದ ಮರಾಮತ್ತು ಇಲಾಖೆಯಲ್ಲಿ; ಮೈಸೂರಿನ ಚಾಕರಿಗೆ ಬಂದದ್ದು ೧೯೦೯ರಲ್ಲಿ ಚೀಫ್ ಎಂಜಿನಿಯರಾಗಿ. ಇದಕ್ಕೆ ವಿರುದ್ಧವಾಗಿ ವಿ. ಪಿ. ಮಾಧವರಾಯರು ಹುಟ್ಟಿದ್ದು ಕುಂಭಕೋಣದಲ್ಲಾದರೂ ಎಳೆಯ ವಯಸ್ಸಿನಲ್ಲೇ ಮೈಸೂರಿನ ಚಾಕರಿಗೆ ಸೇರಿ, ಇಲ್ಲಿಯೇ ಮೇಲೇರಿ, ಕೌನ್ಸಿಲಿನ ಸದಸ್ಯರಾದವರು. ಇವರಿಬ್ಬರಲ್ಲಿ ಮೈಸೂರಿನ ಕಚೇರಿಗಳನ್ನು ಹೆಚ್ಚು ಬಲ್ಲವರು ಯಾರಾಗಿದ್ದಿರಬೇಕು? ಹುಟ್ಟಿದ ಊರಿನ ಕಲಮನ್ನು ಮಾತ್ರ ತುಂಬಿಸಿದ ಪಟ್ಟಿಗೆ ಈ ಪ್ರಶ್ನೆ ಹೊಳೆಯುವುದೇ ಇಲ್ಲ.

ನಂಟಸ್ತಿಕೆಯ ಕಲಮು ಇನ್ನೂ ಸ್ವಾರಸ್ಯವಾದದ್ದು. ಕೃಷ್ಣಮೂರ್ತಿಯವರು ಪೂರ್ಣಯ್ಯನವರ ವಂಶದವರು, ಯಳಂದೂರಿನ ಜಹಗೀರುದಾರರು. ಆನಂದರಾಯರು ತಿರುವಾಂಕೂರು, ಇಂದೂರು, ಬರೋಡ ಈ ಮೂರು ಸಂಸ್ಥಾನಗಳಲ್ಲಿ ದಿವಾನರಾಗಿದ್ದ ಸರ್ ಟಿ. ಮಾಧವರಾಯರ ಮಗ, ಆ ಮಾಧವರಾಯರ ತಂದೆ ಮತ್ತು ದೊಡ್ಡಪ್ಪ ಇಬ್ಬರೂ ತಿರುವಾಂಕೂರಿನ ದಿವಾನರೇ. ಕಾಂತರಾಜ ಅರಸರು ದೊರೆಯ ಸೋದರಮಾವ. ಹನ್ನೊಂದರಲ್ಲಿ ಮೂವರಿಗೆ ಹೀಗೆ ಮನೆತನದ ಬಾಗಿಲು ಮೊದಲೇ ತೆರೆದಿತ್ತು. ಅವರು ಅಯೋಗ್ಯರಾಗಿದ್ದರೆಂದು ಇದರ ಅರ್ಥವಲ್ಲ. ಯೋಗ್ಯತೆಯೊಂದನ್ನೇ ನೋಡಿ ಆರಿಸಿದರೆಂಬ ಮಾತು ಪೂರ್ತಿ ನಿಲ್ಲದು, ಅಷ್ಟೆ.

ಇನ್ನು ಹುದ್ದೆಗಳ ಕ್ರಮದ ಮಾತಿಗೆ ಬರೋಣ. ಸಮೂಹಚರಿತ್ರೆಯ ಹಳೆಯ ಪಟ್ಟಿಗಳಲ್ಲಿ ಒಂದು ಕೊರತೆಯಿದೆ. ಯಾರು ಯಾವ ಯಾವ ಹುದ್ದೆ ಮಾಡಿದರೆಂದು ಅವು ಎಣಿಸುತ್ತವೆ. ಯಾವುದಾದ ಮೇಲೆ ಯಾವುದು ಎಂಬುದು ಎಣಿಕೆಯಲ್ಲಿ ಕಳೆದುಹೋಗುತ್ತದೆ. ಬಾಳಿನಲ್ಲಾದರೋ ಕ್ರಮವೇ ಮುಖ್ಯ. ಇದಕ್ಕೊಂದು ಉಪಾಯವನ್ನು ಅಮೆರಿಕದ ಸಮಾಜಶಾಸ್ತ್ರಜ್ಞ ಆಂಡ್ರೂ ಅಬಟ್ ೧೯೮೦ರ ದಶಕದಲ್ಲಿ ತಂದರು. ಜೀವಕಣಗಳೊಳಗಿನ ಅಣುಸರಣಿಗಳನ್ನು ಹೋಲಿಸಲು ಜೀವವಿಜ್ಞಾನಿಗಳು ಬಳಸುತ್ತಿದ್ದ ಲೆಕ್ಕವನ್ನು ಅವರು ಮನುಷ್ಯರ ವೃತ್ತಿಜೀವನಕ್ಕೆ ಅನ್ವಯಿಸಿದರು. ೧೯೯೦ರಲ್ಲಿ ಅಲೆಕ್ಸಾಂಡ್ರಾ ರೈಸಾಕ್ ಎಂಬುವರೊಡನೆ ಬರೆದ ಲೇಖನದಲ್ಲಿ ಅವರು ಎತ್ತಿಕೊಂಡದ್ದು ಹಿಂದಿನ ಶತಮಾನಗಳ ಜರ್ಮನ್ ಸಂಗೀತಗಾರರನ್ನು. ಅವರಲ್ಲಿ ಅನೇಕರು ಆಸ್ಥಾನಗಳ ಆಶ್ರಯದಲ್ಲಿದ್ದವರು. ಆಸ್ಥಾನ ವಿದ್ವಾಂಸರಿಗೆ ಒಗ್ಗಿದ ಲೆಕ್ಕ ಆಸ್ಥಾನದ ಮಂತ್ರಿಗಳಿಗೆ ಒಗ್ಗದೆ ಹೋದೀತೆ?

ವಿಜ್ಞಾನದ ಹೆಸರು ಕೇಳಿ ಸಾಹಿತ್ಯಪ್ರಿಯರು ಗಾಬರಿಯಾಗಬೇಕಾಗಿಲ್ಲ. ಗ್ರಂಥಸಂಪಾದನೆ ಮಾಡುವವರು ಮಾಡುವುದು ಇದೇ ಕೆಲಸ. ಎರಡು ಓಲೆಪ್ರತಿಗಳನ್ನು ಪಕ್ಕಪಕ್ಕದಲ್ಲಿಟ್ಟು, ಇಲ್ಲಿ ಒಂದು ಅಕ್ಷರ ಬಿಟ್ಟಿದೆ, ಇಲ್ಲಿ ಒಂದು ಸೇರಿದೆ, ಇಲ್ಲಿ ಒಂದರ ಜಾಗದಲ್ಲಿ ಇನ್ನೊಂದು ಬಂದಿದೆ ಎಂದು ಗುರುತಿಸುತ್ತಾರಷ್ಟೆ. ಒಂದು ಪಾಠವನ್ನು ಇನ್ನೊಂದಾಗಿ ತಿದ್ದಲು ಕಡಿಮೆಯೆಂದರೆ ಎಷ್ಟು ತಿದ್ದುಪಡಿ ಬೇಕೋ ಅಷ್ಟು ಆ ಎರಡರ ನಡುವಣ ದೂರ. ದೂರ ಕಡಿಮೆಯಿದ್ದ ಪ್ರತಿಗಳು ಒಂದು ಕುಲದವು. ಹೆಚ್ಚಿದ್ದವು ಬೇರೆ ಕುಲದವು. ಅಬಟ್ ಅವರ ಲೆಕ್ಕವೂ ಇದೇ, ಅಕ್ಷರದ ಬದಲು ಹುದ್ದೆ.

ಮಾಡಿ ನೋಡೋಣ. ಹೊರಗಿನ ಚಾಕರಿಗೆ 'ಹ', ಮೈಸೂರು ಸರ್ಕಾರದ ಚಾಕರಿಗೆ 'ಸ', ಅರಮನೆಯ ಚಾಕರಿಗೆ 'ಅ', ದಿವಾನಗಿರಿಗೆ 'ದ' ಎಂದು ಇಟ್ಟುಕೊಳ್ಳೋಣ. ಒಬ್ಬೊಬ್ಬರ ಬಾಳನ್ನೂ ಒರಟಾಗಿ ನಾಲ್ಕು ಘಟ್ಟಗಳಾಗಿ ಮಾಡೋಣ. ಶೇಷಾದ್ರಿ ಅಯ್ಯರ್ ಕಲ್ಲಿಕೋಟೆಯಲ್ಲಿ ಕೆಲಸದಲ್ಲಿದ್ದು, ೧೮೬೮ರಲ್ಲಿ ಮೈಸೂರಿಗೆ ನ್ಯಾಯಾಂಗದ ಶಿರಸ್ತೇದಾರರಾಗಿ ಬಂದು, ಡೆಪ್ಯುಟಿ ಕಮಿಷನರಾಗಿ, ೧೮೮೩ರಲ್ಲಿ ದಿವಾನರಾದರು: ಹ-ಸ-ಸ-ದ. ವಿಶ್ವೇಶ್ವರಯ್ಯನವರದು ಹೊರಗಿನ ಚಾಕರಿಯೇ ಹೆಚ್ಚು: ಹ-ಹ-ಸ-ದ. ಮಿರ್ಜಾ ಇಸ್ಮಾಯಿಲರು ದೊರೆಯ ಬಾಲ್ಯದ ಸಹಪಾಠಿ. ಹುಜೂರ್ ಕಾರ್ಯದರ್ಶಿ, ಖಾಸಗಿ ಕಾರ್ಯದರ್ಶಿ ಎಂದು ಅರಮನೆಯ ಬಳಿಯಲ್ಲೇ ಬೆಳೆದು ೧೯೨೬ರಲ್ಲಿ ದಿವಾನರಾದವರು: ಅ-ಅ-ಅ-ದ. ವಿ. ಪಿ. ಮಾಧವರಾಯರು ಮೈಸೂರಿನಲ್ಲಿ ಏರಿ, ೧೯೦೪ರಲ್ಲಿ ತಿರುವಾಂಕೂರಿನ ದಿವಾನರಾಗಿ ಹೋಗಿ, ೧೯೦೬ರಲ್ಲಿ ಇಲ್ಲಿಗೆ ಮರಳಿದವರು: ಸ-ಸ-ಹ-ದ.

ಈಗ ಶೇಷಾದ್ರಿ ಅಯ್ಯರ್ ಮತ್ತು ಮಾಧವರಾಯರ ಸರಣಿಗಳನ್ನು ನೋಡಿ. ಒಂದು 'ಹ', ಎರಡು 'ಸ', ಒಂದು 'ದ', ಅಕ್ಷರಗಳು ಅವೇ. ಬರಿಯ ಎಣಿಕೆಗೆ ಇಬ್ಬರೂ ಒಂದೇ. ಆದರೆ ಒಬ್ಬರು ಹೊರಗಿನಿಂದ ಬಂದು ಒಳಗೆ ಬೇರೂರಿದವರು, ಇನ್ನೊಬ್ಬರು ಒಳಗೆ ಬೆಳೆದು, ಹೊರಗೆ ಹೋಗಿ ಕೀರ್ತಿ ತಂದು, ಅದರ ಬಲದಿಂದ ಮರಳಿದವರು. ಎರಡು ತಿದ್ದುಪಡಿಯಿಲ್ಲದೆ ಒಂದು ಇನ್ನೊಂದಾಗುವುದಿಲ್ಲ. ಶೇಷಾದ್ರಿ ಅಯ್ಯರಿಗೂ ವಿಶ್ವೇಶ್ವರಯ್ಯನವರಿಗೂ ಇರುವ ದೂರ ಒಂದೇ ತಿದ್ದುಪಡಿ. ಒಬ್ಬರು ಮಲಬಾರಿನವರು, ಒಬ್ಬರು ಚಿಕ್ಕಬಳ್ಳಾಪುರದ ಕಡೆಯವರು, ಒಬ್ಬರು ಕಂದಾಯ ನ್ಯಾಯಗಳನ್ನು ಬಲ್ಲವರು, ಒಬ್ಬರು ಎಂಜಿನಿಯರು. ಆದರೂ ಹತ್ತಿದ ಮೆಟ್ಟಿಲು ಬಹುಮಟ್ಟಿಗೆ ಒಂದೇ ಬಗೆಯದು. ಮಿರ್ಜಾ ಅವರೋ ಇವರಿಬ್ಬರಿಗೂ ಮೂರು ಮೂರು ತಿದ್ದುಪಡಿಗಳಷ್ಟು ದೂರ. ೧೯೨೬ರಲ್ಲಿ ಮೈಸೂರಿನಲ್ಲಿ ಏನೋ ಬದಲಾಯಿತೆಂಬುದು ಕಥೆ ಹೇಳದೆಯೇ ಗೋಚರವಾಗುತ್ತದೆ. ಅದಕ್ಕೆ ಕಾರಣವೇನೆಂಬುದನ್ನು ಮಾತ್ರ ಲೆಕ್ಕ ಹೇಳದು. ಅದಕ್ಕೆ ಮತ್ತೆ ಕಾಗದಪತ್ರಗಳಿಗೇ ಮರಳಬೇಕು.

ಇಲ್ಲೊಂದು ಸೂಕ್ಷ್ಮವಿದೆ. ಎಲ್ಲ ತಿದ್ದುಪಡಿಗಳಿಗೂ ಒಂದೇ ಬೆಲೆಯೆ? ಲಿಪಿಕಾರ ಪಕಾರವನ್ನು ವಕಾರವಾಗಿ ಬರೆದರೆ ಅದು ಸಣ್ಣ ತಪ್ಪು. ಪಕಾರದ ಜಾಗದಲ್ಲಿ ಳಕಾರ ಬಂದಿದ್ದರೆ ವಿಷಯ ಬೇರೆಯೇ. ಹಾಗೆಯೇ ಮುಂಬಯಿ ಸರ್ಕಾರದ ಚಾಕರಿಯಿಂದ ಮೈಸೂರು ಸರ್ಕಾರದ ಚಾಕರಿಗೆ ಬರುವುದಕ್ಕೂ, ಅರಮನೆಯಿಂದ ಸರ್ಕಾರಕ್ಕೆ ಬರುವುದಕ್ಕೂ ಒಂದೇ ದೂರ ಹಾಕಬಹುದೆ? ಇಂದು ಗಣಕಯಂತ್ರಗಳು ಸಾವಿರಾರು ಸರಣಿಗಳನ್ನು ಕ್ಷಣದಲ್ಲಿ ಹೋಲಿಸುತ್ತವೆ. ಆದರೆ ಈ ಬೆಲೆಗಳನ್ನು ಕಟ್ಟುವವನು ಮನುಷ್ಯನೇ. ಆ ನಾಡಿನ ಚರಿತ್ರೆ ಬಲ್ಲವನು ಕಟ್ಟಿದರೆ ಫಲ ಒಂದು, ಬಲ್ಲದವನು ಕಟ್ಟಿದರೆ ಫಲ ಇನ್ನೊಂದು.

ಕಾಲದ ಅಳತೆಯಲ್ಲಿಯೂ ಹೀಗೆಯೇ ಮೋಸಹೋಗುವ ಸಂಭವವುಂಟು. ರಂಗಾಚಾರ್ಲು ಅವರು ದಿವಾನರಾಗಿದ್ದದ್ದು ಎರಡು ವರ್ಷವೂ ತುಂಬಲಿಲ್ಲ. ಶೇಷಾದ್ರಿ ಅಯ್ಯರ್ ಹದಿನೆಂಟು ವರ್ಷ. ಈ ಎರಡರ ಸರಾಸರಿ ಹತ್ತು ವರ್ಷ ಎಂದರೆ ಅದಕ್ಕೆ ಅರ್ಥವಿಲ್ಲ. ರಂಗಾಚಾರ್ಲು ಪದವಿ ಬಿಡಲಿಲ್ಲ, ೧೮೮೩ರ ಜನವರಿಯಲ್ಲಿ ತೀರಿಕೊಂಡರು. ವಿಶ್ವೇಶ್ವರಯ್ಯನವರು ಭಿನ್ನಾಭಿಪ್ರಾಯದಿಂದ ತಾವಾಗಿ ಬಿಟ್ಟರು. ಸಾವು ತುಂಡರಿಸಿದ ಅವಧಿಯನ್ನೂ ರಾಜೀನಾಮೆ ಮುಗಿಸಿದ ಅವಧಿಯನ್ನೂ ಬೇರೆ ಬೇರೆಯಾಗಿ ಎಣಿಸುವ ಕ್ರಮಗಳು ಸಂಖ್ಯಾಶಾಸ್ತ್ರದಲ್ಲಿವೆ. ಇನ್ನೂ ಒಂದು ಮಾತು. ಆ ಸಾವು ಸಂಭವಿಸದಿದ್ದರೆ ಶೇಷಾದ್ರಿ ಅಯ್ಯರ್ ಮೂವತ್ತೇಳನೆಯ ವಯಸ್ಸಿನಲ್ಲಿ ದಿವಾನರಾಗುತ್ತಿರಲಿಲ್ಲ. ಮೆಟ್ಟಿಲುಗಳನ್ನು ಎಣಿಸುವವರು ಆಕಸ್ಮಿಕಕ್ಕೂ ಒಂದು ಕಲಮನ್ನು ಇಟ್ಟಿರಬೇಕು.

ಇಷ್ಟು ಹೊತ್ತು ನಾವು ನೋಡಿದ್ದು ಗೆದ್ದವರನ್ನು. ಈ ಅಧ್ಯಯನದ ಅತ್ಯಂತ ಕಷ್ಟದ ಭಾಗವೂ, ನನ್ನ ದೃಷ್ಟಿಯಲ್ಲಿ ಅತ್ಯಂತ ಅಗತ್ಯವಾದ ಭಾಗವೂ, ಗೆಲ್ಲದವರದು. ದಿವಾನರೆಲ್ಲರೂ ಇಂಗ್ಲಿಷ್ ಬಲ್ಲವರಾಗಿದ್ದರು, ಆದ್ದರಿಂದ ಇಂಗ್ಲಿಷ್ ಬಲ್ಲವರು ದಿವಾನರಾಗುತ್ತಿದ್ದರು ಎಂದರೆ ಆ ವಾದ ನಿಲ್ಲುತ್ತದೆಯೆ? ಇಂಗ್ಲಿಷ್ ಬಲ್ಲವರಾಗಿಯೂ ಗುಮಾಸ್ತೆಯಾಗಿ ಮುಗಿದವರ ಲೆಕ್ಕ ಬೇಕಲ್ಲವೆ? ಟಿ. ಆರ್. ಎ. ತಂಬೂಚೆಟ್ಟಿಯವರನ್ನು ನೆನೆಯಿರಿ. ಅವರೂ ಮದರಾಸ್ ಪ್ರಾಂತದಿಂದ ಬಂದವರೇ, ನ್ಯಾಯಾಂಗದಲ್ಲಿ ಬೆಳೆದವರೇ, ಮೈಸೂರಿನ ಚೀಫ್ ಕೋರ್ಟಿನ ಮುಖ್ಯ ನ್ಯಾಯಾಧೀಶರಾದವರು, ಕೌನ್ಸಿಲಿನ ಹಿರಿಯ ಸದಸ್ಯರು. ಶೇಷಾದ್ರಿ ಅಯ್ಯರ್ ರಜೆಯಲ್ಲಿದ್ದಾಗ ಹಂಗಾಮಿ ದಿವಾನರಾಗಿ ಮತ್ತೆ ಮತ್ತೆ ಕೆಲಸ ನೋಡಿದರು. ಖಾಯಂ ದಿವಾನರಾಗಲಿಲ್ಲ. ಅವರು ಕ್ರೈಸ್ತರು. ಅದೇ ಕಾರಣವೆಂದು ನಾನು ಹೇಳುತ್ತಿಲ್ಲ. ಒಂದು ಉದಾಹರಣೆಯಿಂದ ಹಾಗೆ ಹೇಳಲೂ ಬಾರದು. ಆದರೆ ಹಂಗಾಮಿಯವರನ್ನು ಬಿಟ್ಟು ಹನ್ನೊಂದು ಎಂದು ನಾವು ಎಣಿಸಿದಾಗ, ಯಾರನ್ನು ಹೋಲಿಕೆಗೆ ಇಟ್ಟುಕೊಳ್ಳಬೇಕಿತ್ತೋ ಅವರನ್ನೇ ಪಟ್ಟಿಯಿಂದ ಹೊರಗಿಟ್ಟೆವು.

೧೮೮೧ರಿಂದ ೧೯೧೮ರವರೆಗಿನ ಆರು ದಿವಾನರೂ ಬ್ರಾಹ್ಮಣರು. ಸರ್ಕಾರಿ ನೌಕರಿಯಲ್ಲಿ ಹಿಂದುಳಿದ ವರ್ಗಗಳ ಪ್ರಾತಿನಿಧ್ಯದ ವಿಚಾರಕ್ಕಾಗಿ ೧೯೧೮ರಲ್ಲಿ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಕವಾಯಿತು. ಯೋಗ್ಯತೆಗೆ ಧಕ್ಕೆ ಬರುವುದೆಂದು ವಿಶ್ವೇಶ್ವರಯ್ಯನವರು ಒಪ್ಪಲಿಲ್ಲ. ಅವರು ಪದವಿ ಬಿಟ್ಟ ಹಿನ್ನೆಲೆಯಲ್ಲಿ ಈ ವಿವಾದವೂ ಇತ್ತು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು, ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲು ಆ ವರ್ಗಗಳಿಗೆ ಸಿಗಬೇಕೆಂದು ಸಮಿತಿ ಹೇಳಿತು. ರಾಜಕೀಯವಾಗಿ ಇದರ ಮೇಲೆ ಎಷ್ಟೋ ಬರೆದಿದ್ದಾರೆ. ವಿಧಾನದ ದೃಷ್ಟಿಯಿಂದ ನನಗೆ ಮೆಚ್ಚುಗೆಯಾಗುವ ಸಂಗತಿ ಬೇರೆ. ಸಮಿತಿ ದಿವಾನಗಿರಿಯನ್ನು ನೋಡುತ್ತ ಕೂರಲಿಲ್ಲ. ಕೆಳಗಿನ ಮೆಟ್ಟಿಲುಗಳನ್ನು ನೋಡಿತು. ತುದಿಯಲ್ಲಿ ಕಾಣುವ ಅಂತರ ಹುಟ್ಟುವುದು ತುದಿಯಲ್ಲಿ ಅಲ್ಲ. ಕಂದಾಯ ಕಚೇರಿಯ ಮೊದಲ ನೇಮಕದಲ್ಲಿ, ಅದಕ್ಕೂ ಮೊದಲು ಇಂಗ್ಲಿಷ್ ಶಾಲೆಯ ಬಾಗಿಲಿನಲ್ಲಿ, ಅದು ಹುಟ್ಟಿರುತ್ತದೆ. ತಿರುವಾಂಕೂರಿನ ಟಿ. ಮಾಧವರಾವ್, ಎ. ಶೇಷಯ್ಯ ಶಾಸ್ತ್ರಿ ಇಬ್ಬರೂ ಮದರಾಸಿನ ಹೈಸ್ಕೂಲಿನಲ್ಲಿ ಪೊವೆಲ್ ಎಂಬ ಒಬ್ಬ ಉಪಾಧ್ಯಾಯರ ಶಿಷ್ಯರು. ಒಂದು ತರಗತಿಯ ಹಾಜರಿ ಪುಸ್ತಕ ಸಂಸ್ಥಾನಗಳ ಚರಿತ್ರೆಗೆ ಆಧಾರವಾಗುವುದು ಹೀಗೆ.

ಒಂದು ಸಂಸ್ಥಾನದ ಗಡಿಯೊಳಗೇ ನಿಂತು ನೋಡಿದರೂ ಸಾಲದು. ವಿ. ಪಿ. ಮಾಧವರಾಯರು ಮೈಸೂರಿನಿಂದ ಬರೋಡಕ್ಕೆ ಹೋದರು. ಬ್ಯಾನರ್ಜಿಯವರು ಕೊಚ್ಚಿಯ ದಿವಾನರಾಗಿದ್ದು ಇಲ್ಲಿಗೆ ಬಂದವರು. ಮಿರ್ಜಾ ಇಸ್ಮಾಯಿಲರು ಇಲ್ಲಿ ಬಿಟ್ಟ ಮೇಲೆ ಜೈಪುರಕ್ಕೂ ೧೯೪೬ರಲ್ಲಿ ಹೈದರಾಬಾದಿಗೂ ಹೋದರು. ದಿವಾನರೆಂಬವರು ಸಂಸ್ಥಾನದಿಂದ ಸಂಸ್ಥಾನಕ್ಕೆ ಸಂಚರಿಸುವ ಒಂದು ವರ್ಗವೇ ಆಗಿದ್ದರು. ಆ ಸಂಚಾರದಲ್ಲಿ ಬ್ರಿಟಿಷ್ ರೆಸಿಡೆಂಟರ ಅಭಿಪ್ರಾಯಕ್ಕೆ ಬಹಳ ಬೆಲೆಯಿತ್ತು. ಆ ಅಭಿಪ್ರಾಯಗಳಿರುವುದು ಆತ್ಮಕಥೆಗಳಲ್ಲಿ ಅಲ್ಲ, ದೆಹಲಿಯ ರಾಷ್ಟ್ರೀಯ ಪತ್ರಾಗಾರದ ಕಡತಗಳಲ್ಲಿ.

ದಿವಾನರ ಕಾಲ ಹೋಯಿತು, ಸಲಹೆಗಾರರ ಕಾಲ ಹೋಗಲಿಲ್ಲ. ಇಂದಿರಾಗಾಂಧಿಯವರಿಗೆ ೧೯೬೭ರಿಂದ ಕಾರ್ಯದರ್ಶಿಯಾಗಿದ್ದ ಪಿ. ಎನ್. ಹಕ್ಸರ್ ಅವರ ಸರಣಿಯನ್ನು ಬರೆದರೆ ವಕೀಲಿ, ವಿದೇಶಾಂಗ ಸೇವೆ, ಲಂಡನ್ನಿನ ಹೈಕಮಿಷನ್, ಪ್ರಧಾನಿಯ ಕಚೇರಿ ಎಂದಾಗುತ್ತದೆ. ಇಂಗ್ಲೆಂಡಿನಲ್ಲಿ ಮಂತ್ರಿಗಳಿಗೆ ವಿಶೇಷ ಸಲಹೆಗಾರರನ್ನು ನೇಮಿಸುವ ಪದ್ಧತಿ ೧೯೭೪ರಲ್ಲಿ ನೆಲೆಗೊಂಡಿತು. ೨೦೧೦ರ ಕಾಯಿದೆಯ ಪ್ರಕಾರ ಅವರ ವಿಷಯವಾಗಿ ಸರ್ಕಾರ ಪ್ರತಿವರ್ಷ ಪಾರ್ಲಿಮೆಂಟಿಗೆ ವರದಿ ಕೊಡಬೇಕು. ಅಲ್ಲಿಯ ಸಂಶೋಧಕರಿಗೆ ಪಟ್ಟಿ ಸಿದ್ಧವಾಗಿಯೇ ಸಿಗುತ್ತದೆ. ನಮ್ಮ ರಾಜ್ಯಗಳಲ್ಲಿ ಸಂಪುಟದ ದರ್ಜೆ ಕೊಟ್ಟು ನೇಮಿಸುವ ಸಲಹೆಗಾರರ ಹೆಸರುಗಳನ್ನು ಸರ್ಕಾರಿ ಆದೇಶಗಳಿಂದ ಒಂದೊಂದಾಗಿ ಹೆಕ್ಕಬೇಕು.

ಹಳೆಯ ಮೈಸೂರಿನಿಂದಲೇ ತೊಡಗಬೇಕೆಂಬ ತರುಣರಿದ್ದರೆ ಅವರಿಗೊಂದು ದಾರಿ ತೋರಿಸಬಹುದು. ದಿವಾನರಿಂದ ತೊಡಗುವುದು ಬೇಡ. ೧೮೮೧ರ ಆರಂಭದಲ್ಲಿ ಸಂಸ್ಥಾನಕ್ಕೆ ಎಂಟು ಜಿಲ್ಲೆಗಳಿದ್ದವು. ಆ ಎಂಟರಲ್ಲಿ ಡೆಪ್ಯುಟಿ ಕಮಿಷನರಾಗಿದ್ದವರು, ಅವರ ಕೈಕೆಳಗಿನ ಅಸಿಸ್ಟೆಂಟ್ ಕಮಿಷನರುಗಳು, ಅಮಲ್ದಾರರು, ಇವರ ಹೆಸರುಗಳನ್ನು ಗೆಜೆಟ್ಟಿನಿಂದ ಬರೆದುಕೊಳ್ಳಲಿ. ಬಳಿಕ ಐದೈದು ವರ್ಷಕ್ಕೊಮ್ಮೆ ಅದೇ ಹೆಸರುಗಳನ್ನು ಹುಡುಕುತ್ತ ಮುಂದಕ್ಕೆ ಬರಲಿ. ಬಹುಪಾಲು ಹೆಸರುಗಳು ಎಲ್ಲೋ ಒಂದು ತಾಲ್ಲೂಕಿನಲ್ಲಿ, ಪಿಂಚಣಿಯ ಆದೇಶದೊಡನೆ ನಿಂತುಹೋಗುತ್ತವೆ. ಅವು ಎಲ್ಲಿ ನಿಂತವು, ಯಾವ ವಯಸ್ಸಿನಲ್ಲಿ ನಿಂತವು ಎಂಬುದನ್ನೂ ಆ ಹೆಸರುಗಳ ಎದುರಿಗೆ ಗುರುತುಹಾಕಿಕೊಳ್ಳಲಿ.